ಉಣ್ಣೆ ಕತ್ತರಿಸಿದ ಆರನೇ ರಾತ್ರಿ

ಆ ರಾತ್ರಿ ಹಿಮ ಬಿದ್ದಿರಲಿಲ್ಲ. ತೊಟ್ಟಿಯ ನೀರು ಹೆಪ್ಪುಗಟ್ಟಿರಲಿಲ್ಲ. ಗೋಡೆಗೆ ನೇತುಹಾಕಿದ್ದ ತಾಪಮಾಪಕ 11 ಡಿಗ್ರಿ ತೋರಿಸುತ್ತಿತ್ತು. ಅಷ್ಟು ಚಳಿಗೆ ಬೆಳೆದ ಕುರಿ ಸಾಯುತ್ತದೆ ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆ ರಾತ್ರಿಯಿಂದ ಹನ್ನೆರಡು ದಿನದೊಳಗೆ ನಮ್ಮ ಕುರಿ, ಮರಿ ಎಲ್ಲಾ ಸೇರಿ 79ರಲ್ಲಿ 26 ಹೋದವು.

ಇದನ್ನು ಬರೆಯಲು ಕೂರುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಈಗಲೂ ಕೆಲವು ಭಾಗ ಬರೆಯುವಾಗ ಕೈ ನಿಲ್ಲುತ್ತದೆ. ಆದರೆ ಆ ಬೆಳಗ್ಗೆ ಏನು ಮಾಡಬೇಕು ಅಂತ ಗೊತ್ತಿಲ್ಲದೆ ನಾವು ಮಾಡಿದ ತಪ್ಪುಗಳನ್ನು ಇನ್ನೊಬ್ಬರು ಮಾಡಬಾರದು. ಆ ಒಂದು ಆಸೆಗೆ ಬರೆಯುತ್ತಿದ್ದೇನೆ.

ಬೇಸಿಗೆ ಹತ್ತಿರ ಬರುತ್ತಿತ್ತು. ಕುರಿಗಳ ಮೈ ಮೇಲೆ ಉಣ್ಣೆ ದಪ್ಪಗೆ ಬೆಳೆದಿತ್ತು. ಉಣ್ಣೆ ಕತ್ತರಿಸುವವರು ಅದೇ ವಾರ ಬಿಡುವಾಗಿದ್ದರು. ಎರಡು ದಿನದಲ್ಲಿ 50 ಕುರಿಗಳ ಉಣ್ಣೆ ತೆಗೆಸಿದೆವು. 11 ಕುರಿಗಳು ಈಯುವ ದಿನಕ್ಕೆ ಹತ್ತಿರ ಇದ್ದವು. ಅವನ್ನು ಕೆಡವಿ ಹಿಡಿದರೆ ಹೊಟ್ಟೆಗೆ ಏಟಾದೀತು ಅಂತ ಬಿಟ್ಟೆವು. ಈ ಹನ್ನೊಂದರ ವಿಷಯ ಮುಂದೆ ಬರುತ್ತದೆ. ಉಳಿದ 18 ಮರಿಗಳು, ಎರಡು ದಿನದವು, ಎರಡು ತಿಂಗಳವು, ಎಲ್ಲಾ ಸೇರಿದ್ದವು.

ಉಣ್ಣೆ ತೆಗೆದ ಮೇಲೆ ಐದು ದಿನ ಒಳ್ಳೆ ಬಿಸಿಲಿತ್ತು. ಆರನೇ ದಿನ ಮಧ್ಯಾಹ್ನ ಮೋಡ ಕಟ್ಟಿತು. ಹವಾಮಾನ ಮುನ್ಸೂಚನೆಯಲ್ಲಿ ಮಳೆ ಅಂತ ಇತ್ತು, ಜೊತೆಗೆ ಜೋರು ಗಾಳಿ ಅಂತಲೂ ಇತ್ತು. ನಾನು ಮಳೆ ಎಷ್ಟು ಬರುತ್ತದೆ ಅನ್ನುವುದನ್ನು ಮಾತ್ರ ನೋಡಿದೆ. ಗಾಳಿಯ ಸಾಲನ್ನು ಓದಿದೆ, ಆದರೆ ತಲೆಗೆ ತೆಗೆದುಕೊಳ್ಳಲಿಲ್ಲ. ರಾತ್ರಿ ಒಂಬತ್ತಕ್ಕೆ ಹೊರಗೆ ಹೋಗಿ ನೋಡಿದಾಗ ಸಣ್ಣ ತುಂತುರು ಬೀಳುತ್ತಿತ್ತು. ಕುರಿಗಳು ಬಯಲಿನ ನಡುವೆ ಆರಾಮಾಗಿ ಮಲಗಿದ್ದವು. ದೊಡ್ಡಿಯ ಸೂರಿನ ಕೆಳಗೆ ಮೂವತ್ತಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಎಲ್ಲವನ್ನೂ ಒಳಗೆ ತುರುಕಿದರೆ ಮರಿಗಳು ತುಳಿತಕ್ಕೆ ಸಿಕ್ಕಾವು ಅಂದುಕೊಂಡು ಹಾಗೇ ಬಿಟ್ಟು ಬಂದೆ. ಆ ಒಂಬತ್ತು ಗಂಟೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ.

ಎರಡೂವರೆಗೆ ಎಚ್ಚರವಾಯಿತು. ಮಳೆಯ ಸದ್ದು ಬದಲಾಗಿತ್ತು. ಮೊದಲು ಸೂರಿನ ಮೇಲೆ ಬೀಳುತ್ತಿದ್ದ ಮಳೆ ಈಗ ಬಾಗಿಲಿಗೆ ಬಡಿಯುತ್ತಿತ್ತು. ತಮ್ಮನನ್ನು ಎಬ್ಬಿಸಿದೆ. ಟಾರ್ಚ್ ಹಿಡಿದು ಇಬ್ಬರೂ ಓಡಿದೆವು.

ಅರ್ಧ ಹಿಂಡು ನೀರಿನ ತೊಟ್ಟಿಯ ಹತ್ತಿರ, ಮರಗಳ ಕೆಳಗೆ ಬೆನ್ನು ಗೂನು ಮಾಡಿ ನಿಂತಿತ್ತು. ತಲೆ ತಗ್ಗಿಸಿ, ನಾಲ್ಕೂ ಕಾಲನ್ನು ಹತ್ತಿರಕ್ಕೆ ತಂದುಕೊಂಡು ನಿಂತಿದ್ದವು. ಕೆಲವು ಗಡಗಡ ನಡುಗುತ್ತಿದ್ದವು. ಕೆಲವು ನಡುಗುತ್ತಿರಲಿಲ್ಲ. ನಡುಗದೆ ನಿಂತವು ಗಟ್ಟಿಯಾಗಿವೆ ಅಂದುಕೊಂಡು ನಾನು ನಡುಗುವವುಗಳ ಕಡೆ ಓಡಿದೆ. ಅದು ಪೂರ್ತಿ ತಲೆಕೆಳಗಾದ ಲೆಕ್ಕ. ನಡುಗುತ್ತಿದೆ ಅಂದರೆ ಮೈ ಇನ್ನೂ ಬಿಸಿ ಹುಟ್ಟಿಸುತ್ತಿದೆ ಅಂತ ಅರ್ಥ. ನೆನೆದ ಕುರಿ ನಡುಗುವುದನ್ನು ನಿಲ್ಲಿಸಿ ಮಂಕಾಗಿ ನಿಂತರೆ ಅದರ ಶಕ್ತಿ ಮುಗಿಯುತ್ತಾ ಬಂದಿದೆ. ಮೊದಲು ಎತ್ತಬೇಕಾದ್ದು ಅದನ್ನೇ.

ದೊಡ್ಡಿ ಇದ್ದದ್ದು ಗಾಳಿ ಬರುವ ದಿಕ್ಕಿಗೆ. ಕುರಿಗಳನ್ನು ಅತ್ತ ಹೊಡೆಯಲು ನೋಡಿದೆವು. ಹತ್ತು ಹೆಜ್ಜೆ ಹೋಗುತ್ತಿದ್ದವು, ಮುಖಕ್ಕೆ ಮಳೆ ಬಡಿದ ಕೂಡಲೇ ತಿರುಗಿ ಓಡಿಬರುತ್ತಿದ್ದವು. ಮೂರು ಸಲ ಹೀಗಾಯಿತು. ಎದುರುಗಾಳಿ ಮಳೆಗೆ ಕುರಿ ಮುಖ ಕೊಡುವುದಿಲ್ಲ. ಗಾಳಿಗೆ ಬೆನ್ನು ಕೊಟ್ಟು, ಅದು ತಳ್ಳಿದ ಕಡೆಗೆ ನಡೆಯುತ್ತಾ ಹೋಗುತ್ತದೆ. ಏನಾದರೂ ಅಡ್ಡ ಬರುವ ತನಕ ನಡೆಯುತ್ತದೆ. ಈ ಮಾತು ಆ ಹೊತ್ತಿನಲ್ಲಿ ನನಗೆ ಹೊಳೆದಿದ್ದರೆ ಉಳಿದರ್ಧ ಹಿಂಡು ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತಿತ್ತು. ಹೊಳೆಯಲಿಲ್ಲ. ಕತ್ತಲಲ್ಲಿ ಕೂಗಿದೆವು. ಗಾಳಿಯ ಸದ್ದಿನಲ್ಲಿ ನಮ್ಮ ಕೂಗು ನಮಗೇ ಕೇಳಿಸಲಿಲ್ಲ. ಅವು ಎಲ್ಲೋ ಪೊದೆಯ ಮರೆಯಲ್ಲಿ ಸೇರಿಕೊಂಡಿರಬೇಕು ಅಂದ ತಮ್ಮ. ನಾನೂ ಹೌದು ಅಂದೆ. ಕಣ್ಣ ಮುಂದೆ ಇದ್ದವನ್ನು ಉಳಿಸಿಕೊಳ್ಳೋಣ ಅಂತ ಒಂದೊಂದನ್ನೇ ಹೊತ್ತು ಸಾಗಿಸಲು ಶುರು ಮಾಡಿದೆವು. ನೆನೆದ ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡರೆ ಅದರ ಚಳಿ ನಮ್ಮ ಬೆನ್ನಿಗೆ ಇಳಿಯುತ್ತದೆ. ಬಿಸಿ ಇರಬೇಕಾದ ಹೊಟ್ಟೆಯ ಭಾಗ ಕೂಡ ತಣ್ಣಗೆ ತಗಲುತ್ತಿತ್ತು.

ಬೆಳಕು ಹರಿಯುವ ಹೊತ್ತಿಗೆ ಮಳೆ ಕಡಿಮೆಯಾಯಿತು. ಆಗ ಬೇಲಿಯ ಕೆಳಮೂಲೆ ಕಾಣಿಸಿತು.

ದೂರದಿಂದ ಬಿಳೀ ಮಣ್ಣಿನ ಗುಡ್ಡೆ ಹಾಗೆ ಕಂಡಿತು. ಅದರ ಮೇಲಿನಿಂದ ಹಬೆ ಏಳುತ್ತಿತ್ತು. ಹಬೆ ಕಂಡು ನನಗೆ ಖುಷಿಯೇ ಆಯಿತು, ಎಲ್ಲಾ ಒಟ್ಟಿಗೆ ಬೆಚ್ಚಗಿವೆ ಅಂತ. ಹತ್ತಿರ ಹೋದ ಮೇಲೆ ಗೊತ್ತಾಯಿತು, ಒಂದರ ಮೇಲೆ ಒಂದು ಹತ್ತಿವೆ. ಗಾಳಿ ತಳ್ಳಿದ ಕಡೆಗೆ ನಡೆದು, ಎರಡು ಬೇಲಿ ಸೇರುವ ಮೂಲೆಗೆ ಸಿಕ್ಕಿ, ಹಿಂದಿನವು ಮುಂದಿನವುಗಳ ಮೇಲೆ ಒತ್ತಿಕೊಂಡು ಬಂದಿದ್ದವು. ಮೇಲಿನವು ಜೀವಂತ ಇದ್ದವು. ಒಂದೊಂದನ್ನೇ ಎಳೆದು ಪಕ್ಕಕ್ಕೆ ನಿಲ್ಲಿಸಿದೆವು. ಕೆಳಗೆ ಹೋಗುತ್ತಾ ಹೋಗುತ್ತಾ ಅಲುಗಾಟ ಕಡಿಮೆಯಾಯಿತು. ತಳದಲ್ಲಿ 8 ಕುರಿ, 4 ಮರಿ. ಅವು ಚಳಿಗೆ ಸತ್ತವಲ್ಲ. ಉಸಿರು ಕಟ್ಟಿ ಸತ್ತವು. ಎಲ್ಲಕ್ಕಿಂತ ಕೆಳಗಿದ್ದ ಕುರಿಯ ಮೈ ಇನ್ನೂ ಬೆಚ್ಚಗಿತ್ತು. ಅದರ ಬಾಯಲ್ಲಿ ಒಂದು ಹುಲ್ಲಿನ ಎಸಳು ಹಾಗೇ ಇತ್ತು.

ಬಯಲಿನಲ್ಲಿ ಅಲ್ಲಲ್ಲಿ ಇನ್ನೂ 6 ಕುರಿ ಸಿಕ್ಕಿದವು. ಆರೂ ಕಾಲು ಮಡಚಿ, ಮಲಗಿದ ಹಾಗೇ ಇದ್ದವು.

ಆ ಹೊತ್ತಿಗೆ ಸತ್ತವುಗಳ ಮುಂದೆ ನಿಂತು ಅಳುವಷ್ಟು ಸಮಯ ಇರಲಿಲ್ಲ. ದೊಡ್ಡಿಯೊಳಗೆ ಇಪ್ಪತ್ತಕ್ಕೂ ಹೆಚ್ಚು ಕುರಿ ಮರಿಗಳು ಏಳಲಾರದೆ ಬಿದ್ದಿದ್ದವು. ಮನೆಯಲ್ಲಿದ್ದ ಹಳೇ ಬಟ್ಟೆ, ಟವೆಲ್, ಗೋಣಿಚೀಲ ಎಲ್ಲಾ ತಂದೆವು. ಅಮ್ಮ ನೀರು ಕಾಯಿಸಿ ಬಾಟಲಿಗಳಿಗೆ ತುಂಬಿ, ಬಟ್ಟೆ ಸುತ್ತಿ ಕೊಡುತ್ತಿದ್ದರು. ಪಶುವೈದ್ಯರಿಗೆ ಫೋನ್ ಮಾಡಿದೆ. ದಾರಿಯಲ್ಲಿ ಮರಗಳು ಬಿದ್ದಿವೆ, ತಲುಪಲು ಎರಡು ಮೂರು ಗಂಟೆ ಆಗುತ್ತದೆ ಅಂದರು. ಫೋನಿನಲ್ಲೇ ಒಂದು ಮಾತು ಹೇಳಿದರು: ‘ಮೊದಲು ಒರೆಸಿ. ಒಣಗಿಸದೆ ಬಿಸಿ ಮಾಡಿದರೆ ಉಪಯೋಗವಿಲ್ಲ.’ ಒದ್ದೆ ಮೈಯಿಂದ ಬಿಸಿ ಎಷ್ಟು ಬೇಗ ಹೋಗುತ್ತದೆ ಅಂದರೆ, ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಒರೆಸುವುದೇ ಅರ್ಧ ಚಿಕಿತ್ಸೆ.

ಮಗಳು ಮನೆಯ ಜ್ವರದ ಥರ್ಮಾಮೀಟರ್ ತಂದಳು. ಕುರಿಯ ಸಹಜ ಬಿಸಿ ಸುಮಾರು 39 ಡಿಗ್ರಿ, ಅಂದರೆ ನಮಗಿಂತ ಎರಡು ಡಿಗ್ರಿ ಜಾಸ್ತಿ. ಗುದದ್ವಾರದಲ್ಲಿಟ್ಟು ನೋಡಿದರೆ ಕೆಲವಕ್ಕೆ 36, ಕೆಲವಕ್ಕೆ 34. ಒಂದಕ್ಕೆ ಅಂಕಿಯೇ ಬರಲಿಲ್ಲ. ಬರೀ ‘ಲೋ’ ಅಂತ ತೋರಿಸಿತು. ಜ್ವರ ನೋಡಲು ಮಾಡಿದ ಥರ್ಮಾಮೀಟರ್ ಅಷ್ಟು ಕೆಳಗೆ ಅಳೆಯುವುದಿಲ್ಲ. ಮರಿಗಳಿಗೆ ಥರ್ಮಾಮೀಟರ್ ಬೇಕಾಗಲೇ ಇಲ್ಲ. ಬಾಯೊಳಗೆ ಬೆರಳಿಟ್ಟರೆ ಸಾಕಿತ್ತು. ಚೆನ್ನಾಗಿರುವ ಮರಿಯ ಬಾಯಿ ಬೆಚ್ಚಗಿರುತ್ತದೆ, ಬೆರಳನ್ನು ಚೀಪುತ್ತದೆ. ಇವುಗಳ ನಾಲಿಗೆ ತಣ್ಣನೆಯ ಒದ್ದೆ ಚರ್ಮದ ಹಾಗಿತ್ತು. ಬೆರಳನ್ನು ಚೀಪಲಿಲ್ಲ. ತಳ್ಳಲೂ ಇಲ್ಲ.

ಇಲ್ಲಿ ನಾನು ಎರಡು ತಪ್ಪು ಮಾಡಿದೆ. ಎರಡೂ ಒಂದೊಂದು ಜೀವ ತೆಗೆದುಕೊಂಡವು.

ಒಂದು ಮರಿಗೆ ಎರಡು ದಿನ ವಯಸ್ಸು. ಕತ್ತು ಎತ್ತುತ್ತಿರಲಿಲ್ಲ. ಒರೆಸಿ, ಬಿಸಿನೀರಿನ ಬಾಟಲಿಗಳ ನಡುವೆ ಪೆಟ್ಟಿಗೆಯಲ್ಲಿ ಮಲಗಿಸಿದೆ. ಅರ್ಧ ಗಂಟೆಯಲ್ಲಿ ಮೈ ಬೆಚ್ಚಗಾಯಿತು. ಕಿವಿ ಅಲುಗಾಡಿತು. ಉಳಿಯಿತು ಅಂತ ಅಮ್ಮನನ್ನು ಕರೆದೆ. ಅಮ್ಮ ಬರುವಷ್ಟರಲ್ಲಿ ಮರಿ ಕತ್ತು ಹಿಂದಕ್ಕೆ ಸೆಳೆದುಕೊಂಡು ಕಾಲು ಒದೆಯತೊಡಗಿತು. ಐದು ನಿಮಿಷದಲ್ಲಿ ಹೋಯಿತು. ಯಾಕೆ ಹೀಗಾಯಿತು ಅಂತ ಆಮೇಲೆ ವೈದ್ಯರು ಬಿಡಿಸಿ ಹೇಳಿದರು. ಹುಟ್ಟುವಾಗ ಮರಿಯ ಮೈಯಲ್ಲಿ ಬಿಸಿ ಕಾಯ್ದುಕೊಳ್ಳಲು ಅಂತಲೇ ಒಂದು ಬಗೆಯ ಕಂದು ಕೊಬ್ಬು ಇರುತ್ತದೆ. ಚಳಿಗೆ ಸಿಕ್ಕಿದರೆ ಅದು ಕೆಲವೇ ಗಂಟೆಯಲ್ಲಿ ಉರಿದು ಮುಗಿಯುತ್ತದೆ. ಹುಟ್ಟಿ ಐದು ಗಂಟೆ ದಾಟಿದ ಮರಿ ತಣ್ಣಗಾಗಿ ಕತ್ತು ಎತ್ತದೆ ಬಿದ್ದಿದೆ ಅಂದರೆ ಅದರ ರಕ್ತದಲ್ಲಿ ಸಕ್ಕರೆ ಹೆಚ್ಚುಕಡಿಮೆ ಖಾಲಿ. ಆಗ ಬರೀ ಬಿಸಿ ಮಾಡಿದರೆ ಮಿದುಳು ಎಚ್ಚರವಾಗಿ ಸಕ್ಕರೆ ಕೇಳುತ್ತದೆ. ಇಲ್ಲದಿದ್ದಾಗ ಫಿಟ್ಸ್ ಬರುತ್ತದೆ. ಅಂಥ ಮರಿಗೆ ಮೊದಲು ಹೊಟ್ಟೆಯ ಪೊರೆಯೊಳಗೆ ಗ್ಲೂಕೋಸ್ ಇಂಜೆಕ್ಷನ್ ಕೊಡಬೇಕು, ಬಿಸಿ ಮಾಡುವುದು ಆಮೇಲೆ. ಈ ಇಂಜೆಕ್ಷನ್ ಗೊತ್ತಿಲ್ಲದವರು ಕೊಡುವಂಥದ್ದಲ್ಲ. ನಾನು ಈಗ ವೈದ್ಯರ ಹತ್ತಿರ ಕೂತು ಕಲಿತಿದ್ದೇನೆ.

ಇನ್ನೊಂದಕ್ಕೆ ಹಸಿವಾಗಿರಬೇಕು ಅಂತ ಹಾಲು ಕುಡಿಸಲು ನೋಡಿದೆ. ಅದಕ್ಕೂ ಕತ್ತು ನಿಲ್ಲುತ್ತಿರಲಿಲ್ಲ. ಬಾಯಿಗೆ ಬಿಟ್ಟ ಹಾಲು ಎಲ್ಲಿಗೆ ಹೋಯಿತು ಅಂತ ಅದು ಕೆಮ್ಮಿದಾಗ ಗೊತ್ತಾಯಿತು. ಕತ್ತು ಎತ್ತಿ ಹಿಡಿದು ನುಂಗಲು ಬಾರದ ಮರಿಗೆ ಹಾಲು ಬಿಡಬಾರದು. ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಅದೂ ಹೋಯಿತು.

ಉಳಿದವಕ್ಕೆ ವೈದ್ಯರು ಬಂದ ಮೇಲೆ ಕ್ರಮವಾಗಿ ಮಾಡಿದರು. ಗ್ಲೂಕೋಸ್, ಆಮೇಲೆ ನಿಧಾನ ಬಿಸಿ, ಕತ್ತು ನಿಂತ ಮೇಲೆ ಟ್ಯೂಬಿನಲ್ಲಿ ಹಾಲು. ಕಿಲೋ ತೂಕಕ್ಕೆ 50 ಮಿಲಿ ಲೆಕ್ಕದಲ್ಲಿ ಒಂದು ಸಲಕ್ಕೆ. ಐದು ಮರಿಗಳು ಅವತ್ತು ನಮ್ಮ ಕಣ್ಣ ಮುಂದೆ ಎದ್ದು ನಿಂತವು. ದೊಡ್ಡ ಕುರಿಗಳಲ್ಲಿ ಮೂರು ಸಂಜೆಯೊಳಗೆ ಸತ್ತವು. ಆದರೆ ‘ಲೋ’ ಅಂತ ತೋರಿಸಿದ ಕುರಿ ಉಳಿಯಿತು. ಅದು ಹೇಗೆ ಉಳಿಯಿತು ಅಂತ ವೈದ್ಯರಿಗೂ ಆಶ್ಚರ್ಯ. ಮಗಳು ಅದರ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಆರು ಗಂಟೆ ಕೂತಿದ್ದಳು, ಅಲ್ಲಿಂದ ಅಲುಗಾಡಿರಲಿಲ್ಲ.

ಮಧ್ಯಾಹ್ನ ವೈದ್ಯರು ಸತ್ತ ಕುರಿಗಳ ಕಡೆ ಬಂದರು. ಮುಟ್ಟುವ ಮೊದಲು ಮೂಗು, ಬಾಯಿ, ಗುದದ್ವಾರ ನೋಡಿದರು. ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದೆಯಾ ಅಂತ. ಒಮ್ಮೆಗೇ ಹಲವು ಪ್ರಾಣಿಗಳು ಸತ್ತಾಗ ಹವಾಮಾನವೇ ಕಾರಣ ಅಂತ ನಾವೇ ತೀರ್ಮಾನ ಮಾಡಬಾರದು ಅಂದರು. ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇದ್ದರೆ ಹೆಣವನ್ನು ಕೊಯ್ಯಲೇಬಾರದು. ಕೊಯ್ದರೆ ರೋಗಾಣು ಗಾಳಿಗೆ ಸಿಕ್ಕಿ ಬೀಜಾಣುವಾಗಿ ಆ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಮನುಷ್ಯರಿಗೂ ಅಂಟುತ್ತದೆ. ಅಂಥದ್ದೇನೂ ಕಾಣಲಿಲ್ಲ. ನಾಲ್ಕನ್ನು ಕೊಯ್ದು ನೋಡಿದರು. ಮೂಲೆಯಲ್ಲಿ ಸತ್ತವುಗಳ ಶ್ವಾಸನಾಳದಲ್ಲಿ ನೊರೆ ಇತ್ತು, ಶ್ವಾಸಕೋಶ ರಕ್ತ ಕಟ್ಟಿ ಕಪ್ಪಗಾಗಿತ್ತು. ಬಯಲಿನಲ್ಲಿ ಸತ್ತವುಗಳ ಒಳಗೆ ಹೇಳಿಕೊಳ್ಳುವಂಥ ಗುರುತು ಏನೂ ಇರಲಿಲ್ಲ. ಚಳಿ ಒಳಗೆ ಗುರುತು ಬಿಡುವುದು ಕಡಿಮೆಯಂತೆ. ಬೇರೆ ಕಾರಣ ಒಂದೊಂದನ್ನೇ ತಳ್ಳಿಹಾಕಿ ಕೊನೆಗೆ ಉಳಿಯುವ ಕಾರಣ ಅದು. ಮರಿಯ ಮೂತ್ರಪಿಂಡದ ಸುತ್ತ ಇರಬೇಕಾದ ಕೊಬ್ಬನ್ನು ತೋರಿಸಿದರು. ಕರಗಿ ತೆಳ್ಳಗೆ ಕೆಂಪಗಾಗಿತ್ತು. ಹೊಟ್ಟೆಯಲ್ಲಿ ಹಾಲಿನ ಒಂದು ಹನಿ ಇರಲಿಲ್ಲ.

ಆಗ ಅವರು ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ. ‘ಉಣ್ಣೆ ಬಿಟ್ಟಿದ್ದ ಆ ಹನ್ನೊಂದರಲ್ಲಿ ಎಷ್ಟು ಸತ್ತವು?’

ನಾನು ಎಣಿಸಿರಲಿಲ್ಲ. ಹೋಗಿ ಎಣಿಸಿದೆ. ಹನ್ನೊಂದೂ ಇದ್ದವು. ಅದೇ ಬಯಲು, ಅದೇ ಮಳೆ, ಅದೇ ಗಾಳಿ, ಮೇಲಾಗಿ ತುಂಬು ಗಬ್ಬ. ಒಂದೂ ಸತ್ತಿರಲಿಲ್ಲ. ಮೇಲಿನ ಉಣ್ಣೆ ನೆನೆದಿತ್ತು, ಆದರೆ ಬೆರಳು ತೂರಿಸಿ ಬುಡಕ್ಕೆ ಮುಟ್ಟಿದರೆ ಚರ್ಮ ಬೆಚ್ಚಗೆ, ಒಣಗಿ ಇತ್ತು. ಆ ಬೆಚ್ಚಗಿನ ಚರ್ಮದ ಮೇಲೆ ಬೆರಳಿಟ್ಟಾಗ ನನಗೆ ಅಳು ಬಂತು. ಬೆಳಗ್ಗೆಯಿಂದ ಬಂದಿರಲಿಲ್ಲ.

ಹೊಸದಾಗಿ ಉಣ್ಣೆ ತೆಗೆದ ಕುರಿಯ ಲೆಕ್ಕವೇ ಬೇರೆ. ತುಂಬಿದ ಉಣ್ಣೆಯ ಕುರಿ ಶೂನ್ಯಕ್ಕಿಂತ ಕೆಳಗಿನ ಚಳಿಯನ್ನೂ ಸಲೀಸಾಗಿ ತಡೆಯುತ್ತದೆ. ಬೋಳು ಮೈಯ ಕುರಿಗೆ ಸುಮಾರು 25 ಡಿಗ್ರಿ ಇದ್ದಾಗಲೇ ಮೈ ಬಿಸಿ ಉಳಿಸಿಕೊಳ್ಳಲು ಹೆಚ್ಚಿನ ಮೇವು ಬೇಕಾಗುತ್ತದೆ. ಆ ರಾತ್ರಿ 11 ಡಿಗ್ರಿ, ಮೇಲೆ ಒದ್ದೆ, ಮೇಲೆ ಗಾಳಿ. ಮೊದಲ ಎರಡು ವಾರ ಅಪಾಯ ತುಂಬಾ ಜಾಸ್ತಿ. ಹೊಟ್ಟೆ ತುಂಬಿದ್ದರೆ ಸ್ವಲ್ಪ ರಕ್ಷಣೆ ಇರುತ್ತದೆ. ಒಣ ಹುಲ್ಲು ಹೊಟ್ಟೆಯೊಳಗೆ ಹುದುಗುವಾಗ ಬಿಸಿ ಹುಟ್ಟುತ್ತದೆ, ಕುರಿ ಒಳಗೊಂದು ಒಲೆ ಇಟ್ಟುಕೊಂಡ ಹಾಗೆ. ನಮ್ಮವು ಅವತ್ತು ಮಧ್ಯಾಹ್ನದಿಂದ ಸರಿಯಾಗಿ ಮೇಯ್ದಿರಲಿಲ್ಲ, ಮೋಡ ಕವಿದಾಗಿನಿಂದ ಗುಂಪುಗೂಡಿ ನಿಂತಿದ್ದವು. ಸಂಜೆ ಒಂದಷ್ಟು ಒಣಹುಲ್ಲು ಹಾಕಿದ್ದರೆ ಎಷ್ಟೋ ಉಳಿಯುತ್ತಿದ್ದವು. ಹುಲ್ಲಿನ ಬಣವೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಗಾಬರಿಯಲ್ಲಿ ಕಾಳು ಸುರಿಯುವುದು ಮಾತ್ರ ಬೇಡ. ಅಭ್ಯಾಸವಿಲ್ಲದ ಹೊಟ್ಟೆಗೆ ಒಮ್ಮೆಗೇ ಕಾಳು ಬಿದ್ದರೆ ಹುಳಿಯಾಗಿ ಅದೇ ಕೊಲ್ಲುತ್ತದೆ.

ಹೂಳುವ ಕೆಲಸ ಮಾರನೇ ದಿನಕ್ಕೆ ಇಟ್ಟುಕೊಂಡೆವು. ಅದಕ್ಕೂ ಮೊದಲು ವಿಮೆಯ ವಿಷಯ. ದೊಡ್ಡ ಕುರಿಗಳಲ್ಲಿ ಎಲ್ಲಕ್ಕೂ ವಿಮೆ ಇರಲಿಲ್ಲ. ಇದ್ದವಕ್ಕೆ ಕಿವಿಯಲ್ಲಿ ನಂಬರಿನ ಬಿಲ್ಲೆ ಇತ್ತು. ವೈದ್ಯರು ಹೇಳಿದ ಹಾಗೆ ಪ್ರತಿ ಕುರಿಯ ಪೂರ್ತಿ ಮೈ, ಮುಖ, ಬಿಲ್ಲೆಯ ನಂಬರ್ ಕಾಣುವಂತೆ ಫೋಟೋ ತೆಗೆದೆ. ಸತ್ತ ಜಾಗದಿಂದ ಎಳೆದು ಸಾಲಾಗಿ ಮಲಗಿಸುವ ಮೊದಲೇ ಮೂಲೆಯ ಫೋಟೋ ತೆಗೆದಿದ್ದರೆ ಒಳ್ಳೆಯದಿತ್ತು. ಆದರೆ ಆಗ ಕೆಳಗಿನವು ಉಸಿರಾಡುತ್ತಿರಬಹುದು ಅನ್ನುವ ಆಸೆ ಇತ್ತು, ಫೋಟೋ ಯಾರಿಗೆ ನೆನಪಾಗುತ್ತದೆ? ಒಂದು ಕುರಿಯ ಕಿವಿ ಹರಿದು ಬಿಲ್ಲೆ ಬಿದ್ದುಹೋಗಿತ್ತು. ತಮ್ಮ ಆ ಮೂಲೆಯ ಕೆಸರಿನಲ್ಲಿ ಮಂಡಿಯೂರಿ ಎರಡು ಗಂಟೆ ಹುಡುಕಿದ. ಸಿಗಲಿಲ್ಲ. ಅದರ ಪರಿಹಾರ ಬರಲಿಲ್ಲ. ಉಳಿದವಕ್ಕೆ ಬಂತು, ನಾಲ್ಕು ತಿಂಗಳು ಓಡಾಡಿದ ಮೇಲೆ. ಕಾಗದಗಳ ವಿಷಯ ಇಷ್ಟೇ ಸಾಕು. ಬಿಲ್ಲೆ ಗಟ್ಟಿಯಾಗಿದೆಯಾ ಅಂತ ಆಗಾಗ ನೋಡುತ್ತಿರಿ.

ಗುಂಡಿಗೆ ಮೊದಲು ತಗ್ಗಿನ ಜಾಗ ಆರಿಸಿದೆವು, ಮಣ್ಣು ಮೆತ್ತಗಿತ್ತು ಅಂತ. ಯಂತ್ರ ನಾಲ್ಕು ಅಡಿ ಅಗೆದಾಗ ತಳದಲ್ಲಿ ನೀರು ಜಿನುಗತೊಡಗಿತು. ಅಲ್ಲಿ ಹೂತಿದ್ದರೆ ಆ ನೀರು ಸುತ್ತಲಿನ ಬಾವಿಗಳಿಗೆ ಹೋಗುತ್ತಿತ್ತು. ಗುಂಡಿ ಮುಚ್ಚಿಸಿ, ಬಾವಿಯಿಂದ ದೂರ, ಎತ್ತರದ ಜಾಗದಲ್ಲಿ ಮತ್ತೆ ಅಗೆಸಿದೆವು. ಅಷ್ಟರಲ್ಲಿ ಹೆಣಗಳು ಉಬ್ಬಿದ್ದವು. ಉಬ್ಬಿದ ಹೊಟ್ಟೆಯನ್ನು ಚುಚ್ಚಿ ಗಾಳಿ ಬಿಡಿಸಿ ಹೂಳಬೇಕು, ಇಲ್ಲದಿದ್ದರೆ ಒಳಗೇ ಊದಿಕೊಂಡು ಮಣ್ಣನ್ನು ಮೇಲೆತ್ತುತ್ತದೆ. ಆ ಕೆಲಸ ವೈದ್ಯರ ಸಹಾಯಕರು ಮಾಡಿದರು. ನನ್ನಿಂದ ಆಗಲಿಲ್ಲ. ಮೇಲೆ ಒಂದು ಮೀಟರಿಗೂ ಹೆಚ್ಚು ಮಣ್ಣು ಹಾಕಿಸಿದೆವು. ಕೆಲವರು ಹಳ್ಳಕ್ಕೆ ಬಿಸಾಡಿ ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನೀರು ಕೆಡುತ್ತದೆ. ನಾಯಿಗಳು ಸತ್ತ ಕುರಿಯ ರುಚಿ ಹಿಡಿಯುತ್ತವೆ, ಒಳಗಿನ ಹುಳಗಳ ಗುಳ್ಳೆ ತಿಂದು ರೋಗವನ್ನು ಮನೆಗೂ ತರುತ್ತವೆ.

ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ. ನಾಲ್ಕನೇ ದಿನ ಕೆಮ್ಮು ಶುರುವಾಯಿತು. ಹಿಂಡಿನಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕೆಮ್ಮು ಓಡಾಡುತ್ತಿತ್ತು. ಚಳಿಗೆ ಕುಗ್ಗಿದ ಶ್ವಾಸಕೋಶಕ್ಕೆ ನ್ಯುಮೋನಿಯಾ ಸುಲಭವಾಗಿ ಹತ್ತುತ್ತದೆ. ಬೆಳಗ್ಗೆ ಸಂಜೆ ಎಲ್ಲದರ ಬಿಸಿ ನೋಡಿ, 40 ಡಿಗ್ರಿ ದಾಟಿದವನ್ನು ಬೇರೆ ಕಟ್ಟಿ ಔಷಧಿ ಕೊಟ್ಟೆವು. ಆದರೂ ಎರಡು ಕುರಿ, ಒಂದು ಮರಿ ಹೋದವು. ಗಬ್ಬದ ಹನ್ನೊಂದರಲ್ಲಿ ಎರಡು ಕಂದು ಹಾಕಿದವು, ಅಂದರೆ ಗರ್ಭ ಬಿದ್ದುಹೋಯಿತು. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬಸುರಿ ಹೆಂಗಸರು ಹತ್ತಿರ ಬರಲೇಬೇಡಿ ಅಂದರು ವೈದ್ಯರು, ಕಾರಣ ಚಳಿಯೋ ಸೋಂಕೋ ನೋಡಿದ ಕೂಡಲೇ ಹೇಳಲಾಗುವುದಿಲ್ಲ. ಇನ್ನೊಂದು ಗಬ್ಬದ ಕುರಿ ಮೇವು ಬಿಟ್ಟು, ಗೋಡೆಗೆ ಹಣೆಯೊತ್ತಿ ನಿಂತಿತು. ಅದರ ಉಸಿರಿನಲ್ಲಿ ಸಿಹಿ ಸಿಹಿ ವಾಸನೆ. ಉಪವಾಸ ಬಿದ್ದ ತುಂಬು ಗಬ್ಬದ ಕುರಿ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುವಾಗ ಹೀಗಾಗುತ್ತದೆ. ಬೇಗ ಗೊತ್ತಾದ್ದರಿಂದ ಪ್ರೊಪಿಲೀನ್ ಗ್ಲೈಕಾಲ್ ಅನ್ನುವ, ಮೈಗೆ ಬೇಗ ಶಕ್ತಿ ಕೊಡುವ ದ್ರವ ಕುಡಿಸಿ ಉಳಿಸಿಕೊಂಡೆವು.

ಸತ್ತ ಮರಿಗಳ ತಾಯಂದಿರ ಸದ್ದು ನಾಲ್ಕು ರಾತ್ರಿ ನಿಲ್ಲಲಿಲ್ಲ. ಕೆಚ್ಚಲು ಕಲ್ಲಿನ ಹಾಗೆ ಬಿಗಿದಿತ್ತು. ಬಾವು ಬರದ ಹಾಗೆ ದಿನಾ ಮುಟ್ಟಿ ನೋಡುತ್ತಿದ್ದೆವು. ಕರೀಮುಖದ ಒಂದು ಕುರಿ ಮೂಲೆಗೆ ಹೋಗುವುದು, ಮಣ್ಣು ಮೂಸುವುದು, ಮನೆ ಕಡೆ ನೋಡಿ ಕೂಗುವುದು, ಮತ್ತೆ ಮೂಲೆಗೆ ಹೋಗುವುದು. ಅದರ ಮರಿ ನನ್ನ ಕೈಯಲ್ಲಿ ಫಿಟ್ಸ್ ಬಂದು ಸತ್ತ ಮರಿ.

ಇತ್ತ ತಾಯಿ ಕಳೆದುಕೊಂಡ ಒಂದು ಹೆಣ್ಣು ಮರಿ ಇತ್ತು. ಅದನ್ನು ಕರೀಮುಖದ ಹತ್ತಿರ ಬಿಟ್ಟರೆ ತಲೆಯಿಂದ ಗುದ್ದಿ ಎಸೆಯಿತು. ಕುರಿ ತನ್ನ ಮರಿಯನ್ನು ಗುರುತಿಸುವುದು ವಾಸನೆಯಿಂದ. ಅಮ್ಮನಿಗೆ ಇದು ಮೊದಲೇ ಹೊಳೆದಿತ್ತು. ಹೂಳುವ ಮೊದಲೇ ಸತ್ತ ಮರಿಯ ಚರ್ಮ ಸುಲಿಸಿ ತಣ್ಣಗೆ ಇಡಿಸಿದ್ದರು. ಅದಕ್ಕೆ ನಾಲ್ಕು ತೂತು ಮಾಡಿ, ಅಂಗಿ ತೊಡಿಸಿದ ಹಾಗೆ ತಬ್ಬಲಿ ಮರಿಗೆ ಹಾಕಿದರು. ನೋಡುವುದಕ್ಕೆ ಕಷ್ಟವಾಯಿತು. ನಾನು ಮುಖ ತಿರುಗಿಸಿಕೊಂಡೆ. ಕರೀಮುಖ ಬಂತು. ಬಾಲದ ಬುಡ ಮೂಸಿತು. ಇನ್ನೊಮ್ಮೆ ಮೂಸಿತು. ಗಂಟಲಿನಲ್ಲಿ ಸಣ್ಣದಾಗಿ ಗುರುಗುಟ್ಟಿತು, ಹೆತ್ತ ಮೊದಲ ಗಂಟೆಯಲ್ಲಿ ಕುರಿಗಳು ಮಾಡುವ ಸದ್ದು ಅದು. ಮರಿ ಹೊಟ್ಟೆಯ ಕೆಳಗೆ ತೂರಿತು. ಬಾಲ ಅಲ್ಲಾಡತೊಡಗಿತು. ಮೂರನೇ ದಿನ ಚರ್ಮ ತೆಗೆದೆವು. ಅಷ್ಟರಲ್ಲಿ ಅದರ ಹಾಲೇ ಮರಿಯ ಮೈಯೊಳಗೆ ಹೋಗಿ ವಾಸನೆ ಅದರದ್ದೇ ಆಗಿತ್ತು.

ಆಮೇಲಿನ ತಿಂಗಳುಗಳಲ್ಲಿ ಬಯಲನ್ನು ಬದಲಾಯಿಸಿದೆವು. ಮೊದಲು ಮಾಡಿದ್ದು ಆ ಕೆಳಮೂಲೆಯ ಬೇಲಿ ಕತ್ತರಿಸಿ ಗೇಟು ಇಟ್ಟಿದ್ದು. ಗೇಟಿನಾಚೆ ಸೂರಿರುವ ಹೊಸ ದೊಡ್ಡಿ. ಗಾಳಿ ತಳ್ಳಿದರೆ ಕುರಿ ತಾನಾಗಿ ನಡೆದು ಅದರೊಳಗೆ ಸೇರಬೇಕು. ನಾನು ಗಾಳಿಗೆ ಗೋಡೆ ಕಟ್ಟಿಸೋಣ ಅಂದಿದ್ದೆ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಆಚೆ ಬದಿಯಲ್ಲಿ ಸುಳಿಯಾಗಿ ಬೀಳುತ್ತದೆ ಅಂತ ತಿಳಿದವರು ಹೇಳಿದರು. ಅರ್ಧ ಗಾಳಿ ನುಸುಳಿ ಹೋಗುವಂಥ ತಡೆ ಬೇಕು. ಅದಕ್ಕೇ ಎರಡು ಮೀಟರ್ ಎತ್ತರಕ್ಕೆ ದಪ್ಪ ಬಲೆ ಕಟ್ಟಿ, ಅದರುದ್ದಕ್ಕೂ ಗಿಡ ನೆಟ್ಟೆವು. ತಡೆಯ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿ ತಗ್ಗುತ್ತದೆ. ಬಲೆಯ ಹಿಂದೆ ನಿಂತು ನೋಡಿದ್ದೇನೆ, ಟೋಪಿ ಹಾರುವುದಿಲ್ಲ.

ಈ ವರ್ಷ ಉಣ್ಣೆ ತೆಗೆಸುವಾಗ ಹಿಂಡನ್ನು ಎರಡು ಭಾಗ ಮಾಡಿದೆವು, ಎರಡು ವಾರದ ಅಂತರದಲ್ಲಿ. ಒಮ್ಮೆಗೆ ದೊಡ್ಡಿಯೊಳಗೆ ಹಿಡಿಯುವಷ್ಟೇ ಬೋಳು ಕುರಿ ಇರಬೇಕು ಅಂತ. ಮೊದಲನೆಯ ಗುಂಪು ಸರಿಯಾಗಿ ಮುಗಿಯಿತು. ಎರಡನೆಯ ಗುಂಪಿನ ದಿನ ಯಂತ್ರ ಬಂತು, ಜನ ಬಂದರು. ಆಕಾಶ ಶುಭ್ರವಾಗಿತ್ತು. ಮುನ್ಸೂಚನೆಯಲ್ಲಿ ಮಾತ್ರ ಮೂರನೇ ದಿನಕ್ಕೆ ಮಳೆ, ಜೊತೆಗೆ ಗಾಳಿ ಅಂತ ಇತ್ತು. ಬಂದವರು ಬೇಸರ ಮಾಡಿಕೊಂಡರು, ಇಷ್ಟು ಬಿಸಿಲಿದೆಯಲ್ಲಾ ಅಂದರು. ಅವರ ದಿನದ ಕೂಲಿ ಕೊಟ್ಟು ಕಳಿಸಿದೆ.

ಕರೀಮುಖ ಸಾಕಿದ ಮರಿ ಆ ಗುಂಪಿನಲ್ಲಿತ್ತು. ಈಗ ದೊಡ್ಡ ಕುರಿ, ಮೊದಲ ಸಲ ಉಣ್ಣೆ ತೆಗೆಸಿಕೊಳ್ಳಬೇಕಾದದ್ದು. ಮಳೆ ಬಂತು, ಗಾಳಿಯೂ ಬಂತು. ಸಂಜೆಯೇ ಒಣಹುಲ್ಲು ತುಂಬಾ ಹಾಕಿದ್ದೆವು. ಬೋಳು ಕುರಿಗಳನ್ನು ಬೆಳಕಿರುವಾಗಲೇ ಒಳಗೆ ಸೇರಿಸಿದ್ದೆವು. ರಾತ್ರಿ ಎರಡೂವರೆಗೆ ಟಾರ್ಚ್ ಹಿಡಿದು ಹೋದೆ. ಕೆಳಮೂಲೆಯ ಗೇಟು ತೆರೆದಿತ್ತು. ಉಣ್ಣೆ ಇದ್ದ ಕುರಿಗಳೂ ಒಂದೊಂದಾಗಿ ಒಳಗೆ ನಡೆದು ಮಲಗಿ ಮೆಲುಕು ಹಾಕುತ್ತಿದ್ದವು. ಆ ಮರಿಯನ್ನು ಹುಡುಕಿ, ಅದರ ಬೆನ್ನ ಮೇಲಿನ ಒದ್ದೆ ಉಣ್ಣೆಯೊಳಗೆ ಬೆರಳು ತೂರಿಸಿದೆ. ಬುಡದಲ್ಲಿ ಬೆಚ್ಚಗಿತ್ತು.